ಸ್ಕ್ರೂ ಇಲ್ಲದೆ ಡಬ್ಬಿ ಮುಚ್ಚುವುದು ಹೇಗೆ? ಕ್ಲಿಪ್ ಮುರಿದುಕೊಂಡವರು ಹೇಳಿ

ಕೇಳಿದವರು, ಶಿರಸಿ ಹತ್ತಿರದಿಂದ

ಎಲ್ಲರಿಗೂ ನಮಸ್ಕಾರ. ಅಡಿಕೆ ಒಣಗಿಸುವ ಅಟ್ಟದ ತೇವ, ಬಿಸಿ ಎರಡನ್ನೂ ಬರೆದಿಟ್ಟುಕೊಳ್ಳುವ ಸಣ್ಣ ಯಂತ್ರ ಒಂದನ್ನು ಮನೆಯಲ್ಲೇ ಮಾಡುತ್ತಿದ್ದೇನೆ. ಒಳಗೆ ಒಂದು ಬೋರ್ಡು, 5 ಮಿ.ಮೀ. ದಪ್ಪದ ಲಿಥಿಯಂ ಪಾಲಿಮರ್ ಬ್ಯಾಟರಿ, ಪುಟ್ಟ ಡಿಸ್‌ಪ್ಲೇ. ಡಬ್ಬಿಯ ಎತ್ತರ ಒಟ್ಟು 14 ಮಿ.ಮೀ. ಮೊದಲು ನಾಲ್ಕು ಮೂಲೆಗೂ ಎಂ2 (2 ಮಿ.ಮೀ. ದಪ್ಪದ) ಸ್ಕ್ರೂ ಹಾಕಿದ್ದೆ. ಸ್ಕ್ರೂ ಕೂರಿಸುವ ಕಂಬಗಳೇ ಒಳಗಿನ ಜಾಗ ತಿಂದವು. ಕಾರವಾರದಲ್ಲಿ ಬೋಟ್ ಇಟ್ಟಿರುವ ಗೆಳೆಯನೊಬ್ಬ ಮೀನಿನ ಐಸ್ ಪೆಟ್ಟಿಗೆಗೆ ಅಂತ ಒಂದು ತೆಗೆದುಕೊಂಡು ಹೋಗಿದ್ದ. ಎರಡೇ ತಿಂಗಳಿಗೆ ಸ್ಕ್ರೂ ತಲೆಗಳು ತುಕ್ಕು ಹಿಡಿದು, ಡ್ರೈವರ್ ಕೂರುವ ಗುಂಡಿಯೇ ಸವೆದು ಹೋಗಿತ್ತು.

ಅದಕ್ಕೇ ಸ್ಕ್ರೂ ಬಿಟ್ಟು ಕ್ಲಿಪ್ ಮಾಡಿದೆ. ಪಿಎಲ್ಎ ಪ್ಲಾಸ್ಟಿಕ್, ತ್ರೀಡಿ ಪ್ರಿಂಟ್. ಕ್ಲಿಪ್ಪಿನ ಉದ್ದ 4 ಮಿ.ಮೀ., ದಪ್ಪ 1.2, ಮುಂದೆ ಚಾಚಿದ ಕೊಕ್ಕೆ 0.8. ಮೂರನೇ ಸಲ ತೆರೆದಾಗ ಟಪ್ ಅಂತು. ದಪ್ಪ 1.6 ಮಾಡಿದೆ, ಮೊದಲ ಸಲಕ್ಕೇ ಮುರಿಯಿತು. ಗಟ್ಟಿ ಮಾಡಿದಷ್ಟೂ ಬೇಗ ಮುರಿಯುತ್ತಿದೆ. ಎಲ್ಲಿ ತಪ್ಪುತ್ತಿದ್ದೇನೆ?

ಕಾರವಾರದಿಂದ

ತಪ್ಪು ನಿಮ್ಮ ಪ್ರಶ್ನೆಯಲ್ಲೇ ಇದೆ ಮಾರಾಯ್ರೇ. ಕ್ಲಿಪ್ ಗಟ್ಟಿ ಇರಬೇಕಾಗಿಲ್ಲ, ಬಳುಕಬೇಕು. ನಿಮ್ಮ ಕಡೆ ಅಡಿಕೆ ದಬ್ಬೆಗೆ (ಮರ ಸೀಳಿದ ಪಟ್ಟಿಗೆ) ಬರವಿಲ್ಲ ಅಲ್ವಾ? ಒಂದು ಗೇಣು ದಬ್ಬೆ ಹಿಡಿದು ತುದಿಯನ್ನು ಎರಡು ಬೆರಳು ಬಗ್ಗಿಸಿ, ಸೀಳು ಬಿಡುತ್ತದೆ. ಅದೇ ದಬ್ಬೆ ಒಂದು ಮಾರು ಉದ್ದ ಇರಲಿ, ಎರಡು ಬೆರಳು ಬಗ್ಗಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ.

ನಾನು ಹೊರಗೆ ಹಲವು ವರ್ಷ ಪ್ಲಾಸ್ಟಿಕ್ ಅಚ್ಚಿನ ಕೆಲಸ ಮಾಡಿ ಊರಿಗೆ ಬಂದವನು. ನಾವು ಹಾಕುತ್ತಿದ್ದ ಲೆಕ್ಕ ಇಷ್ಟೇ. ಒಂದೂವರೆ ಗುಣಿಸು ದಪ್ಪ ಗುಣಿಸು ಬಗ್ಗುವ ದೂರ, ಅಂದರೆ ಕೊಕ್ಕೆ ಚಾಚಿದಷ್ಟು. ಬಂದದ್ದನ್ನು ಉದ್ದದ ವರ್ಗದಿಂದ ಭಾಗಿಸಿ. ಬುಡದಲ್ಲಿ ಪ್ಲಾಸ್ಟಿಕ್ ಎಷ್ಟು ಎಳೆಯಲ್ಪಡುತ್ತದೆ ಅಂತ ಸಿಗುತ್ತದೆ. ನಿಮ್ಮದಕ್ಕೆ ಹಾಕಿ ನೋಡಿ: 1.5 × 1.2 × 0.8 ಅಂದರೆ 1.44, ಅದನ್ನು 16ರಿಂದ ಭಾಗಿಸಿದರೆ 0.09. ಒಂಬತ್ತು ಪರ್ಸೆಂಟ್! ದಪ್ಪ 1.6 ಮಾಡಿದಾಗ ಅದು ಹನ್ನೆರಡಕ್ಕೆ ಹೋಯಿತು. ಪಿಎಲ್ಎ ಅಷ್ಟು ತಡೆಯುವ ಪೈಕಿಯೇ ಅಲ್ಲ. ಮೂರು ಸಲ ನಿಂತಿದ್ದೇ ದೊಡ್ಡದು.

ಈಗ ಉದ್ದ 10 ಮಾಡಿ, ದಪ್ಪ 1, ಕೊಕ್ಕೆ 0.5. ಒಂದು ಪರ್ಸೆಂಟಿಗೂ ಕಡಿಮೆ, 0.75. ಇಷ್ಟಾದರೆ ದಿನಾ ತೆರೆದರೂ ಚಿಂತೆ ಇಲ್ಲ.

14 ಮಿ.ಮೀ. ಡಬ್ಬಿಯಲ್ಲಿ 10 ಮಿ.ಮೀ. ಕ್ಲಿಪ್ ಎಲ್ಲಿ ನಿಲ್ಲಿಸಲಿ ಅಂತ ನೀವು ಕೇಳುತ್ತೀರಿ. ನಿಲ್ಲಿಸಬೇಡಿ, ಮಲಗಿಸಿ. ಗೋಡೆಯ ಗುಂಟ ಅಡ್ಡಕ್ಕೆ ಒಂದು ನಾಲಗೆ ಹೋಗಲಿ. ಒಂದು ತುದಿ ಗೋಡೆಗೆ ಅಂಟಿರಲಿ, ಇನ್ನೊಂದು ತುದಿಯಲ್ಲಿ ಕೊಕ್ಕೆ. ನಾಲಗೆಯ ಅಗಲ 3 ಮಿ.ಮೀ. ಸಾಕು, ಎತ್ತರದಲ್ಲಿ ಅದು ತೆಗೆದುಕೊಳ್ಳುವ ಜಾಗ ಅಷ್ಟೇ. ಹಿಂದೆ ಬಗ್ಗಲು 0.7ರಷ್ಟು ಖಾಲಿ ಬಿಡಿ. ತೆಳ್ಳಗಿನ ಯಂತ್ರಗಳಲ್ಲಿ ನಾವು ಮಾಡುತ್ತಿದ್ದದ್ದು ಬಹುಪಾಲು ಇದೇ.

ಬುಡದಲ್ಲಿ ಚೂಪು ಮೂಲೆ ಬಿಡಬೇಡಿ. ದಪ್ಪದ ಅರ್ಧದಷ್ಟು ದುಂಡು ಕೊಡಿ. ನಿಮ್ಮ ಮುರಿದ ಕ್ಲಿಪ್ಪುಗಳನ್ನು ತೆಗೆದು ನೋಡಿ, ಎಲ್ಲವೂ ಬುಡದಲ್ಲೇ ಹೋಗಿರುತ್ತವೆ. ಕೊಕ್ಕೆಯ ಮುಂದಿನ ಇಳಿಜಾರು 30 ಡಿಗ್ರಿ ಇದ್ದರೆ ಮುಚ್ಚುವಾಗ ಸಲೀಸು. ಹಿಂದಿನದು 45 ಇಟ್ಟರೆ ಎಳೆದಾಗ ಬಿಟ್ಟುಕೊಳ್ಳುತ್ತದೆ. 90 ಇಟ್ಟರೆ ಒಮ್ಮೆ ಹಾಕಿದ್ದು ಹಾಕಿದ್ದೇ. ಇನ್ನೊಂದು, ಮುಚ್ಚಿದ ಮೇಲೆ ಕ್ಲಿಪ್ ನೆಟ್ಟಗೆ ನಿಂತಿರಬೇಕು. ಬಗ್ಗಿಕೊಂಡೇ ಹಿಡಿದಿದ್ದರೆ ತಿಂಗಳೊಳಗೆ ಅದೇ ಆಕಾರಕ್ಕೆ ಒಗ್ಗಿ ಸಡಿಲ ಆಗುತ್ತದೆ. ಪ್ಲಾಸ್ಟಿಕ್ಕಿಗೆ ಸ್ಪ್ರಿಂಗಿನ ಹಟ ಇಲ್ಲ.

ಬೋರ್ಡಿಗೂ ನಾಲ್ಕು ಕ್ಲಿಪ್ ಹಾಕಬೇಡಿ. ಟಿವಿ ರಿಮೋಟಿನ ಹಿಂದಿನ ಮುಚ್ಚಳ ತೆಗೆದು ನೋಡಿ. ಒಂದು ಕಡೆ ಅಲ್ಲಾಡದ ಎರಡು ಹಲ್ಲು, ಇನ್ನೊಂದು ಕಡೆ ಬಳುಕುವ ಒಂದೇ ಒಂದು ಕ್ಲಿಪ್. ಬೋರ್ಡನ್ನೂ ಹಾಗೇ ಒಂದು ಅಂಚು ತುಟಿಯ ಕೆಳಗೆ ತೂರಿಸಿ, ಇನ್ನೊಂದು ಅಂಚು ಕ್ಲಿಪ್ಪಿಗೆ ಒತ್ತಿ. 1.6 ಮಿ.ಮೀ. ಬೋರ್ಡು ಅಂದರೆ ಕಟ್ಟುನಿಟ್ಟಾಗಿ 1.6 ಬರುವುದಿಲ್ಲ, ಹತ್ತು ಪರ್ಸೆಂಟ್ ಹೆಚ್ಚುಕಡಿಮೆ ಇರುತ್ತದೆ. ಸಂದು 1.8ಕ್ಕೆ ಬಿಡಿ. ಕ್ಲಿಪ್ ಒತ್ತುವ ಅಂಚಿನ ಹತ್ತಿರ ಸೆರಾಮಿಕ್ ಕೆಪಾಸಿಟರ್ (ಪಿಂಗಾಣಿಯಂಥ ಪುಟ್ಟ ಬಿಡಿಭಾಗ) ಇಡಬೇಡಿ. ಬೋರ್ಡು ಬಗ್ಗಿದಾಗ ಅದರಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಯಂತ್ರ ಒಂದು ದಿನ ಓಡುತ್ತದೆ, ಒಂದು ದಿನ ಇಲ್ಲ. ಅಂಥ ಒಂದು ಬಿರುಕು ಹುಡುಕಲು ನಾನು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ.

ಕುಮಟಾದಿಂದ, ಮೊಬೈಲ್ ರಿಪೇರಿ

ಮೇಲಿನವರು ಮಾಡುವವರ ಕಡೆಯಿಂದ ಹೇಳಿದರು, ನಾನು ಬಿಚ್ಚುವವನ ಕಡೆಯಿಂದ ಹೇಳುತ್ತೇನೆ. ಎಲ್ಲಿಂದ ಬಿಚ್ಚಬೇಕು ಅಂತ ಗೊತ್ತಾಗುವ ಹಾಗೆ ಒಂದು ಉಗುರು ಹೋಗುವಷ್ಟು ಕಚ್ಚು ಬಿಡಿ ಸರ್. ಅಂಗಡಿಗೆ ಬರುವ ಫೋನುಗಳಲ್ಲಿ ಲಾಕ್ ಮುರಿದಿರುವುದು ಬಿದ್ದು ಅಲ್ಲ, ಮನೆಯಲ್ಲಿ ಚಾಕು ತೂರಿಸಿ ಜಾಗ ಹುಡುಕಿದ್ದಕ್ಕೆ.

2003ರಲ್ಲಿ ಬಂದ ನೋಕಿಯಾ 1100 ನೆನಪಿದೆಯಾ, ಟಾರ್ಚ್ ಇದ್ದದ್ದು? ಬಿದ್ದರೆ ಮುಚ್ಚಳ ಒಂದು ಕಡೆ, ಬ್ಯಾಟರಿ ಒಂದು ಕಡೆ. ಕೂಡಿಸಿ ಒತ್ತಿದರೆ ಮತ್ತೆ ಶುರು. ಜನ ಅದಕ್ಕೆ ನಗುತ್ತಿದ್ದರು. ಆದರೆ ಲಾಕ್ ಬಿಟ್ಟುಕೊಟ್ಟಿದ್ದರಿಂದಲೇ ಏಟು ಒಳಗೆ ಹೋಗುತ್ತಿರಲಿಲ್ಲ ಅಂತ ನನ್ನ ಲೆಕ್ಕ.

ಈಗಿನವಕ್ಕೆ ಪೂರ್ತಿ ಅಂಟು. ತೆಳ್ಳಗೆ ಆಗುತ್ತದೆ ನಿಜ, ಬಿಚ್ಚುವಾಗ ಹೀಟ್ ಕೊಡಬೇಕು. ನಿಮ್ಮ ಬ್ಯಾಟರಿಗೆ ಅಂಟು ಬೇಕೇ ಬೇಕು ಅಂದರೆ ಎಳೆದರೆ ಹಿಗ್ಗಿ ಬಿಡುವ ಪಟ್ಟಿ ಹಾಕಿ. ಅದರ ಬಾಲ ಕೈಗೆ ಸಿಗುವ ಹಾಗೆ ಹೊರಗಿರಲಿ. ಯುರೋಪಿನಲ್ಲಿ 2023ರ ಬ್ಯಾಟರಿ ಕಾನೂನು 2027ರ ಫೆಬ್ರವರಿ 18ರಿಂದ ಸಣ್ಣ ಯಂತ್ರಗಳ ಬ್ಯಾಟರಿಯನ್ನು ಬಳಸುವವರೇ ತೆಗೆಯುವ ಹಾಗಿರಬೇಕು ಅನ್ನುತ್ತದೆ. ಹಾಗಾಗಿ ದೊಡ್ಡವರೂ ಇದೇ ತಲೆನೋವಲ್ಲಿ ಇದ್ದಾರೆ.

ಮುಖ್ಯ ಮಾತು ಮರೆತೆ. ಆ ಬ್ಯಾಟರಿ ಚೀಲದ ಮೇಲೆ ಕ್ಲಿಪ್ ಒತ್ತಬಾರದು. ವಯಸ್ಸಾದ ಹಾಗೆ ಅದು ಉಬ್ಬುತ್ತದೆ. 5 ಮಿ.ಮೀ. ಬ್ಯಾಟರಿಗೆ ಮೇಲೆ ಅರ್ಧ ಮಿ.ಮೀ. ಆದರೂ ಖಾಲಿ ಬಿಡಿ. ಮುರಿದ ಕೊಕ್ಕೆಯ ಚೂರು ಅದರ ಪಕ್ಕ ಬೀಳುವ ಜಾಗದಲ್ಲಿ ಕ್ಲಿಪ್ಪೇ ಬೇಡ. ಚುಚ್ಚಿದರೆ ಬೆಂಕಿ. ಒಮ್ಮೆ ನನ್ನ ಟೇಬಲ್ ಮೇಲೆ ಆಗಿದೆ, ಮರಳಿನ ಬಕೆಟ್ ಇದ್ದದ್ದಕ್ಕೆ ಬಚಾವಾದೆ.

ಸಿದ್ದಾಪುರದಿಂದ

ಅಟ್ಟದ ಕೆಳಗೆ ಬೆಂಕಿ ಹಾಕುತ್ತೀರಿ, ಮೇಲೆ ಪಿಎಲ್ಎ ಡಬ್ಬಿ ಇಡುತ್ತೀರಿ! ಅದು 60 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ. ಪಿಇಟಿಜಿ ಪ್ಲಾಸ್ಟಿಕ್ ಆದರೆ ಮೆತ್ತಗಾಗುವುದು 80ರ ಹತ್ತಿರ. ಪ್ರಿಂಟ್ ಮಾಡುವಾಗ ಪದರಗಳು ಕ್ಲಿಪ್ಪಿನ ಉದ್ದಕ್ಕೆ ಹೋಗಬೇಕು. ನಿಲ್ಲಿಸಿ ಪ್ರಿಂಟ್ ಮಾಡಿದ ಕ್ಲಿಪ್ ಪದರದ ಸಂದಿನಲ್ಲೇ ಬಿಡುತ್ತದೆ. ಕಾರವಾರದವರು ಹೇಳಿದ ಮಲಗಿದ ನಾಲಗೆ ಆದರೆ ಡಬ್ಬಿಯನ್ನು ನೆಟ್ಟಗೆ ಇಟ್ಟೇ ಪ್ರಿಂಟ್ ಮಾಡಬಹುದು, ಪದರ ತಾನಾಗಿ ಸರಿಯಾದ ಕಡೆಗೆ ಬರುತ್ತದೆ. ನಾಲಗೆಯ ಕೆಳಗೆ ಸಪೋರ್ಟ್ (ಪ್ರಿಂಟ್ ಆಗುವಾಗ ಆಸರೆಗೆ ಹಾಕುವ ಪ್ಲಾಸ್ಟಿಕ್) ಬೇಕಾಗುತ್ತದೆ, ಅದನ್ನು ಕೆರೆದು ತೆಗೆಯುವಾಗ ಹುಷಾರು. ಮುಚ್ಚಳ, ಡಬ್ಬಿ ಕೂಡುವ ಕಡೆ ಸಂದು 0.25 ಮಿ.ಮೀ. ಬಿಟ್ಟು ಶುರು ಮಾಡಿ.

ಕೇಳಿದವರು, ಹನ್ನೆರಡು ದಿನದ ಮೇಲೆ

ಪಿಇಟಿಜಿಯಲ್ಲಿ ಮಾಡಿದೆ. 10 ಮಿ.ಮೀ. ಮಲಗಿದ ನಾಲಗೆ, ಒಂದೊಂದು ಬದಿಗೆ ಒಂದು. ರಾತ್ರಿ ಕೂತು ನೂರು ಸಲ ತೆರೆದು ಮುಚ್ಚಿದೆ. ಆ ಕಟ್ ಕಟ್ ಸದ್ದಿಗೆ ಮನೆಯವರು ಬೈದರು, ಕ್ಲಿಪ್ ಮಾತ್ರ ಮುರಿಯಲಿಲ್ಲ. ಎತ್ತರ 14ರಿಂದ 12ಕ್ಕೆ ಇಳಿಯಿತು. ಮೊದಲ ಪ್ರಿಂಟಿನಲ್ಲಿ ನಾಲಗೆಯ ಹಿಂದೆ ಸಪೋರ್ಟ್ ಚೂರು ಉಳಿದು ಅದು ಬಗ್ಗಲೇ ಇಲ್ಲ, ಎರಡನೆಯದರಲ್ಲಿ ಸರಿಯಾಯಿತು. ಈಗ ಬೋಟಿನ ಗೆಳೆಯನಿಗೂ ಇದನ್ನೇ ಕೊಡಲೇ?

ಕಾರವಾರದಿಂದ

ಬೋಟಿಗೆ ಬೇಡ. ಕ್ಲಿಪ್ ಮುಚ್ಚಳವನ್ನು ಹಿಡಿಯುತ್ತದೆ, ಒತ್ತುವುದಿಲ್ಲ. ರಬ್ಬರ್ ಗ್ಯಾಸ್ಕೆಟ್ ಸುತ್ತಲೂ ಒಂದೇ ಸಮ ಅಮುಕಿದರೆ ಮಾತ್ರ ನೀರು ನಿಲ್ಲುತ್ತದೆ. ಅದಕ್ಕೆ ಸ್ಕ್ರೂನೇ ಸರಿ. 316 ದರ್ಜೆಯ ಸ್ಟೇನ್‌ಲೆಸ್ ತೆಗೆದುಕೊಳ್ಳಿ, ನಮ್ಮ ಉಪ್ಪು ಗಾಳಿಗೆ 304 ದರ್ಜೆಯದು ಕೂಡ ಚುಕ್ಕೆ ಹಿಡಿಯುತ್ತದೆ. ಒಳಗಿನ ಬೋರ್ಡಿಗೆ ಕ್ಲಿಪ್ಪೇ ಇರಲಿ, ಹೊರಗಿನ ಮುಚ್ಚಳಕ್ಕೆ ಮಾತ್ರ ನಾಲ್ಕು ಸ್ಕ್ರೂ. ಕಂಬಗಳನ್ನು ಗ್ಯಾಸ್ಕೆಟ್‌ನ ಹೊರಗೆ, ಡಬ್ಬಿಯ ಕಿವಿಗಳ ಹಾಗೆ ಇಟ್ಟರೆ ಒಳಗಿನ ಜಾಗ ಹೋಗುವುದಿಲ್ಲ. ಬೈತಖೋಲ್ ಬಂದರಿಗೆ ಬರುವ ದಿನ ಹೇಳಿ, ಹಳೆಯ ಡಬ್ಬಿ ತನ್ನಿ. ಆ ತುಕ್ಕು ಸ್ಕ್ರೂ ತೆಗೆಯಲು ನನ್ನ ಹತ್ತಿರ ಎಡಗೈ ಡ್ರಿಲ್ ಬಿಟ್ (ಉಲ್ಟಾ ತಿರುಗಿಸಿ ಕೊರೆಯುವುದು) ಇದೆ.