ಪದಚರ್ಚೆ: ‘ಸಾರ್ಟ್ -ಆರ್’ಗೂ ‘ಶಫ್’ಗೂ ಒಂದೇ ಕನ್ನಡ ಪದ ಸಾಕೇ?

ಪ್ರಶ್ನೆ (ಹಾಸನ)

ಮಾನ್ಯರೇ, ನಮ್ಮ ಕಾಲೇಜಿನ ಲ್ಯಾಬಿಗೆ ಲಿನಕ್ಸ್ ಕಮಾಂಡುಗಳ ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಸಾಲುಗಳನ್ನು ಕ್ರಮದಲ್ಲಿಡುವ ಗ್ನೂ ‘ಸಾರ್ಟ್’ (sort) ಕಮಾಂಡಿನ ದೊಡ್ಡಕ್ಷರದ ‘-ಆರ್’ (-R) ಆಯ್ಕೆಗೂ ‘ಶಫ್’ (shuf) ಕಮಾಂಡಿಗೂ ಕರಡಿನಲ್ಲಿ ‘ಸಾಲುಗಳನ್ನು ಯಾದೃಚ್ಛಿಕವಾಗಿ ಜೋಡಿಸುತ್ತದೆ’ ಎಂದೇ ಬರೆದಿದೆ. ‘ಯಾದೃಚ್ಛಿಕ’ (ರ್‍ಯಾಂಡಮ್) ಗಣಿತದ ಪಠ್ಯಗಳಲ್ಲಿ ನೆಲೆಯೂರಿದ ಪದ, ಬಿಡಲು ಮನಸ್ಸಿಲ್ಲ. ಅದರ ಬದಲು ‘ಅಡ್ಡಾದಿಡ್ಡಿ’ ಸಾಕೆಂದು ಕೆಲವರ ಸಲಹೆ. ತಾವೇನೆನ್ನುತ್ತೀರಿ?

ಉತ್ತರ (ಚಿಕ್ಕಮಗಳೂರು)

ಒಂದೇ ಪದ ಸಾಲದು, ಮೇಷ್ಟ್ರೇ. ಆರು ಸಾಲಿನ ಒಂದು ಫೈಲು ಮಾಡಿ: ಬೇಲೂರು ಮೂರು ಸಲ, ಆಲೂರು ಎರಡು ಸಲ, ಸಕಲೇಶಪುರ ಒಂದು ಸಲ. ‘ಸಾರ್ಟ್ -ಆರ್’ ಎಷ್ಟು ಸಲ ಓಡಿಸಿದರೂ ಮೂರು ಬೇಲೂರೂ ಒಟ್ಟಿಗೇ ಬರುತ್ತವೆ. ಅದು ಪ್ರತಿ ಓಟಕ್ಕೂ ಹೊಸದೊಂದು ಗುಟ್ಟಿನ ಬೆರಕೆ ಆರಿಸಿಕೊಂಡು, ಅದನ್ನು ಕೂಡಿಸಿ ಪ್ರತಿ ಸಾಲಿನ ಎಂಡಿ5 ಹ್ಯಾಶ್ (ಪಠ್ಯದಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ) ತೆಗೆಯುತ್ತದೆ. ಆ ಹ್ಯಾಶ್‌ಗಳ ಕ್ರಮದಲ್ಲಿ ಸಾಲುಗಳನ್ನಿಡುತ್ತದೆ. ಪಠ್ಯ ಒಂದೇ ಆದರೆ ಹ್ಯಾಶೂ ಒಂದೇ, ಆದ್ದರಿಂದ ಅವು ಬಿಡಿಯಾಗಲಾರವು. ಬರಬಹುದಾದ ಕ್ರಮಗಳು 6 ಮಾತ್ರ. ‘ಶಫ್’ ಸಾಲಿನಲ್ಲಿ ಏನಿದೆಯೆಂದು ನೋಡುವುದೇ ಇಲ್ಲ, ಸ್ಥಾನವನ್ನಷ್ಟೇ ಬದಲಿಸುತ್ತದೆ. ಅಲ್ಲಿ ಕಣ್ಣಿಗೆ ಬೇರೆಯಾಗಿ ಕಾಣುವ ಕ್ರಮಗಳೇ 60. ಮೊದಲ ಸಾಲು ಬೇಲೂರಾಗುವ ಸಂಭವ ‘ಶಫ್’ನಲ್ಲಿ ಎರಡರಲ್ಲೊಂದು, ‘ಸಾರ್ಟ್ -ಆರ್’ನಲ್ಲಿ ಮೂರರಲ್ಲೊಂದು. ಚೀಟಿ ಎತ್ತುವ ಕೆಲಸಕ್ಕೆ ‘ಸಾರ್ಟ್ -ಆರ್’ ಬಳಸಿದರೆ ಮೂರು ಚೀಟಿ ಹಾಕಿದವರಿಗೂ ಒಂದು ಹಾಕಿದವರಿಗೂ ಸಮ ಅವಕಾಶವಾಗಿಬಿಡುತ್ತದೆ.

‘ಶಫ್’ಗೆ ‘ಕಲಸು’ ಎನ್ನಿ. ಇಸ್ಪೀಟಿನ ಎಲೆಗೆ ಎಲ್ಲರೂ ಬಳಸುವ ಮಾತೇ ಅದು. ‘ಸಾರ್ಟ್ -ಆರ್’ಗೆ ‘ಯಾದೃಚ್ಛಿಕ ವಿಂಗಡಣೆ’ ಸರಿಹೊಂದುತ್ತದೆ. ನಮ್ಮ ಕಡೆ ಕಾಫಿ ಬೀಜ ವಿಂಗಡಿಸುವುದೆಂದರೆ ಎಎ ದರ್ಜೆ ಒಂದೆಡೆ, ಪಿಬಿ ದರ್ಜೆ ಒಂದೆಡೆ ಮಾಡುವುದು. ಆಮೇಲೆ ಯಾವ ಮೂಟೆ ಮೊದಲು ಲಾರಿ ಹತ್ತಿದರೂ ಒಳಗಿನ ಬೀಜ ಬೆರೆಯುವುದಿಲ್ಲ. ಗುಂಪು ಕೂಡಿಸುವ ಈ ಅರ್ಥ ‘ಜೋಡಿಸು’ವಿನಲ್ಲಿಲ್ಲ. ‘ಅಡ್ಡಾದಿಡ್ಡಿ’ ದಯವಿಟ್ಟು ಬೇಡ. ಅದರಲ್ಲಿ ಅಶಿಸ್ತಿನ ದೂರಿದೆ, ಇಲ್ಲಿರುವುದು ಸಮ ಸಂಭವ.

ಕೈಪಿಡಿಯಲ್ಲಿ ಕನ್ನಡ ಪಠ್ಯದ ಒಂದು ತೊಡಕನ್ನೂ ಬರೆಯಿರಿ. ‘ಕೋ’ ಎಂಬುದನ್ನು ಯೂನಿಕೋಡಿನಲ್ಲಿ ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಬಿಡಿ ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹ್ಯಾಶ್ ಬೇರೆ, ಗುಂಪು ಒಡೆಯುತ್ತದೆ. ಸಾಲಿನ ಕೊನೆಯ ಖಾಲಿ ಜಾಗ, ವಿಂಡೋಸ್ ಫೈಲುಗಳ ಸಾಲುಮುರಿ ಚಿಹ್ನೆ ಕೂಡ ಇದೇ ತೊಂದರೆ ಕೊಡುತ್ತವೆ.

ಎರಡನೇ ಕಾಲಂ ಮಾತ್ರ ನೋಡೆಂದು ‘ಸಾರ್ಟ್ -ಆರ್ -ಕೆ 2,2’ ಎಂದರೆ ಗುಂಪುಗಳ ಸರದಿ ಮಾತ್ರ ಯಾದೃಚ್ಛಿಕ. ಗುಂಪಿನೊಳಗಿನ ಸಾಲುಗಳು ಮಾಮೂಲಿ ಏರಿಕೆ ಕ್ರಮದಲ್ಲೇ ನಿಲ್ಲುತ್ತವೆ. ಅವೂ ಕಲಸಬೇಕಿದ್ದರೆ ಮೊದಲು ‘ಶಫ್’ ಮಾಡಿ, ಅದರ ಫಲಿತವನ್ನು ಪೈಪ್ (|) ಚಿಹ್ನೆಯ ಮೂಲಕ ‘ಸಾರ್ಟ್ -ಎಸ್ -ಆರ್ -ಕೆ 2,2’ಕ್ಕೆ ಕೊಡಿ, ಈ ‘-ಎಸ್’ ಸಣ್ಣಕ್ಷರ, ಬಂದ ಸರದಿಯನ್ನು ಕೆಡಿಸುವುದಿಲ್ಲ. ‘-ಆರ್’ ಅನ್ನೇ ಸಣ್ಣಕ್ಷರದಲ್ಲಿ ಒತ್ತಿದರೆ ಬರುವುದು ಇಳಿಕೆ ಕ್ರಮ, ಹುಡುಗರು ಇಲ್ಲಿ ಎಡವುತ್ತಾರೆ.

ಇನ್ನು ‘ಶಫ್’ ಇಡೀ ಫೈಲನ್ನು ಮೆಮೊರಿಗೆ ಎಳೆದುಕೊಳ್ಳುತ್ತದೆ. ಮೆಮೊರಿಗೆ ಮೀರಿದ ಫೈಲಾದರೆ ‘ಕ್ಯಾಟ್ -ಎನ್’ನಿಂದ ಸಾಲಿಗೆ ನಂಬರು ಹಾಕಿ, ‘ಸಾರ್ಟ್ -ಆರ್’ಗೆ ಕೊಟ್ಟು, ‘ಕಟ್ -ಎಫ್ 2-’ರಿಂದ ನಂಬರು ತೆಗೆಯಿರಿ. ಸಾರ್ಟ್ ಡಿಸ್ಕಿನ ತಾತ್ಕಾಲಿಕ ಫೈಲುಗಳಲ್ಲಿ ಕೆಲಸ ಮಾಡಬಲ್ಲದು. ನಂಬರಿನಿಂದ ಪ್ರತಿ ಸಾಲೂ ಬೇರೆಯಾಗುವುದರಿಂದ ಮೂರು ಬೇಲೂರೂ ಚದುರುತ್ತವೆ. ಈ ಬಳಕೆಗೆ ಮಾತ್ರ ಕೈಪಿಡಿಯಲ್ಲಿ ‘ಕಲಸು’ ಎಂದೇ ಹಾಕಿ.