ಗುಂಡು ಹಾರದ ಕೋವಿ: ಪ್ರದರ್ಶನಕ್ಕೆ ಪ್ರತಿಕೃತಿ ಮಾಡಿದವರ ಅನುಭವಗಳು

ಕೇಳಿದವರು:
18ನೇ ಶತಮಾನದ ಚಕಮಕಿ ಕೋವಿಯೊಂದರ (ಕಲ್ಲಿನ ಕಿಡಿಯಿಂದ ಮದ್ದು ಹೊತ್ತುವಂಥದ್ದು) ಪೂರ್ಣ ಗಾತ್ರದ ಮಾದರಿ ಮಾಡಿ ಗೋಡೆಗೆ ಹಾಕಬೇಕೆಂಬ ಆಸೆ. ಬ್ರಿಟಿಷ್ ಸೈನಿಕರ ಬ್ರೌನ್ ಬೆಸ್ ಮನಸ್ಸಿನಲ್ಲಿದೆ. ಗುಂಡು ಹಾರುವುದು ಬೇಡವೇ ಬೇಡ, ನೋಡುವುದಕ್ಕೆ ಮಾತ್ರ. ಕಾನೂನಿನ ತೊಡಕು ಬಾರದ ಹಾಗೆ ಹೇಗೆ ಮಾಡುವುದು? ನಳಿಗೆಗೆ ಕಬ್ಬಿಣದ ಪೈಪು ಹಾಕಿ ಬಾಯಿ ಮುಚ್ಚಿದರೆ ಸಾಕೇ? ಮಾಡಿದವರು ದಯವಿಟ್ಟು ತಿಳಿಸಿ.

ನಾಟಕಕ್ಕೆ ಸಾಮಗ್ರಿ ಮಾಡುವವರು:
ಪೈಪು ಬೇಡ. ಇದೊಂದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಮುಚ್ಚಿದ ಬಾಯನ್ನು ಯಾರಾದರೂ ತೆರೆಯಬಹುದು ಎಂಬ ಅನುಮಾನ ಎಂದಿಗೂ ಹೋಗುವುದಿಲ್ಲ. ಕೋವಿ ಮಾಡಿ ಅದನ್ನು ಕೆಡಿಸುವುದಲ್ಲ, ಯಾವ ಹಂತದಲ್ಲೂ ಕೋವಿಯಾಗದ ವಸ್ತುವನ್ನು ಮಾಡುವುದು ನಮ್ಮ ಕೆಲಸ. ನಾನು ನಳಿಗೆಗೆ ಟೊಳ್ಳಿಲ್ಲದ ಗಟ್ಟಿ ಮರದ ದಿಂಡನ್ನೇ ಬಳಸುತ್ತೇನೆ. ತುದಿಯಲ್ಲಿ ಐದಾರು ಮಿಲಿಮೀಟರ್ ಆಳದ ಗುಳಿ ತೋಡಿ, ಒಳಗೆ ಹೊಳಪಿಲ್ಲದ ಕಪ್ಪು ಬಳಿದರೆ ಎರಡು ಹೆಜ್ಜೆ ದೂರದಿಂದ ಟೊಳ್ಳು ನಳಿಗೆಯೇ. ಕಿಡಿ ಒಳಹೋಗುವ ಕಿಂಡಿಯನ್ನು ಕೊರೆಯಲೇಬೇಡಿ, ಬಣ್ಣದ ಚುಕ್ಕೆ ಸಾಕು. ಚಕಮಕಿ ಕಲ್ಲು ಕಚ್ಚಿದ ಕುದುರೆ (ಉಕ್ಕಿಗೆ ಬಡಿದು ಕಿಡಿ ಹಾರಿಸುವ ಭಾಗ), ಮದ್ದಿನ ಬಟ್ಟಲು, ಅದರ ಉಕ್ಕಿನ ಮುಚ್ಚಳ, ಎಲ್ಲವನ್ನೂ ಸೇರಿಸಿ ರೆಸಿನ್‌ನಲ್ಲಿ ಒಂದೇ ಎರಕ ಹೊಯ್ಯಿರಿ. ಸ್ಪ್ರಿಂಗ್ ಇಲ್ಲ, ಅಲುಗಾಡುವ ಭಾಗವೂ ಇಲ್ಲ. ಅಂಗಡಿಯಲ್ಲಿ ಸಿಗುವ ಲೋಹದ ಮಾದರಿಗಳಲ್ಲೂ ಬಹಳಷ್ಟು ಝಮಾಕ್ ಎಂಬ ಸತುವಿನ ಮಿಶ್ರಲೋಹದವು. 380 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಅದು ಕರಗುತ್ತದೆ.

ಸಂಗ್ರಹಕಾರರು:
ಕಾನೂನು ಓದಿ ಆಮೇಲೆ ಗರಗಸ ಹಿಡಿಯಿರಿ. ಗುಂಡು ಹಾರದಿದ್ದರೆ ಯಾರೂ ಕೇಳುವುದಿಲ್ಲ ಎಂಬ ನಂಬಿಕೆ ಸರಿಯಲ್ಲ. ಬ್ರಿಟನ್ನಿನ 2006ರ ಕಾಯ್ದೆಯಲ್ಲಿ, ಅಸಲಿಯಂತೆ ಕಾಣುವ ನಕಲಿ ಬಂದೂಕು ತಯಾರಿಸುವುದೇ ಅಪರಾಧ. ವಸ್ತುಸಂಗ್ರಹಾಲಯ, ನಾಟಕ, ಸಿನಿಮಾ ಮುಂತಾದವಕ್ಕೆ ವಿನಾಯಿತಿ ಉಂಟು. 1870ಕ್ಕಿಂತ ಹಿಂದಿನ ವಿನ್ಯಾಸವೆಂದು ನೋಟದಲ್ಲೇ ತಿಳಿಯುವ ಮಾದರಿಗಳು ಆ ವ್ಯಾಖ್ಯೆಗೇ ಸೇರುವುದಿಲ್ಲ. ಅಮೆರಿಕದ ಫೆಡರಲ್ ಕಾನೂನು ಆಟಿಕೆ ಮತ್ತು ನಕಲಿ ಬಂದೂಕಿನ ಬಾಯಿಗೆ ಕಿತ್ತಳೆ ಗುರುತು ಕೇಳುತ್ತದೆ. 1898ಕ್ಕೆ ಮುಂಚಿನ ಬಂದೂಕುಗಳ, ಗುಂಡು ಹಾರದ ಸಂಗ್ರಹ ಮಾದರಿಗಳನ್ನು ಅದು ಬಿಟ್ಟಿದೆ. ಕೆನಡಾದಲ್ಲಿ ಪ್ರತಿಕೃತಿ ನಿಷಿದ್ಧ, ಆದರೆ ಪುರಾತನ ಬಂದೂಕಿನ ಪ್ರತಿಕೃತಿಗೆ ಆ ನಿಷೇಧ ತಗಲುವುದಿಲ್ಲ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ಪ್ರಕಾರ ಪರವಾನಗಿ ಇಲ್ಲದೆ ನಕಲಿ ಬಂದೂಕನ್ನು ಅಸಲಿಯಾಗಿ ಮಾರ್ಪಡಿಸುವಂತಿಲ್ಲ.

ನೀವು 18ನೇ ಶತಮಾನ ಆರಿಸಿಕೊಂಡದ್ದು ಅದೃಷ್ಟವೇ. ಎರಡನೇ ಮಹಾಯುದ್ಧದ ಪಿಸ್ತೂಲಿನ ಮಾದರಿಯಾಗಿದ್ದರೆ ಈ ವಿನಾಯಿತಿಗಳಲ್ಲಿ ಹೆಚ್ಚಿನವು ಸಿಗುತ್ತಿರಲಿಲ್ಲ. ಆದರೂ ರಾಜ್ಯ, ನಗರಗಳ ನಿಯಮ ಬೇರೆ ಇರಬಹುದು. ಆಯುಧ ಪರವಾನಗಿ ನೋಡುವ ಅಧಿಕಾರಿಗೆ ಬರಹದಲ್ಲೇ ಕೇಳಿ, ಉತ್ತರವನ್ನು ಜೋಪಾನವಾಗಿಡಿ. ಕೆಲಸದ ಪ್ರತಿ ಹಂತದ ಫೋಟೊ ತೆಗೆಯಿರಿ. ಬಣ್ಣ ಬಳಿದ ಮೇಲೆ ಒಳಗೆ ಗಟ್ಟಿ ಮರವೆಂದು ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಮರಗೆಲಸದವರು:
ಬ್ರೌನ್ ಬೆಸ್ ಎಂದರೆ ಒಂದೇ ಕೋವಿಯಲ್ಲ. ಲಾಂಗ್ ಲ್ಯಾಂಡ್ ಮಾದರಿಯ ನಳಿಗೆ 46 ಇಂಚು, ಶಾರ್ಟ್ ಲ್ಯಾಂಡ್ 42, ಇಂಡಿಯಾ ಪ್ಯಾಟರ್ನ್ 39. ಒಂದನ್ನು ಹಿಡಿದುಕೊಳ್ಳಿ, ಒಂದರ ಉದ್ದಕ್ಕೆ ಇನ್ನೊಂದರ ಹಿಡಿ ಸೇರಿಸಿದರೆ ತಿಳಿದವರ ಕಣ್ಣಿಗೆ ತಕ್ಷಣ ಬೀಳುತ್ತದೆ. ಲೀಡ್ಸ್‌ನ ರಾಯಲ್ ಆರ್ಮರೀಸ್ ತನ್ನ ಸಂಗ್ರಹದ ಚಿತ್ರ, ಅಳತೆಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ, ಅಲ್ಲಿಂದ ಶುರುಮಾಡಿ.

ನಳಿಗೆ ಬುಡದಲ್ಲಿ ದಪ್ಪ, ಬಾಯಿಯತ್ತ ಸಣ್ಣ. ದಿಂಡನ್ನು ಹೆರೆಯದೆ ಹಾಗೆಯೇ ಕೂರಿಸಿದರೆ ಒನಕೆ ಮಲಗಿಸಿದಂತೆ ಕಾಣುತ್ತದೆ. ಇಡೀ ಕೆಲಸದಲ್ಲಿ ನನಗೆ ಇಷ್ಟವಾದದ್ದು ಮರವನ್ನು ಕಬ್ಬಿಣವಾಗಿಸುವ ಹಂತ. ಮರದ ಎಳೆ ಕಾಣದಂತೆ ಪ್ರೈಮರ್ ಹಚ್ಚಿ, ಉಜ್ಜಿ, ಮತ್ತೆ ಹಚ್ಚಿ. ಆಮೇಲೆ ಹೊಳಪಿಲ್ಲದ ಕಪ್ಪು. ಅದು ಒಣಗಿದ ಮೇಲೆ ಗ್ರಾಫೈಟ್ ಪುಡಿಯನ್ನು ಮೆತ್ತನೆ ಬಟ್ಟೆಯಲ್ಲಿ ತಿಕ್ಕುತ್ತ ಹೋಗಿ, ಬೆರಳಡಿಯಲ್ಲೇ ಲೋಹದ ಮಿಂಚು ಮೂಡುತ್ತದೆ. 18ನೇ ಶತಮಾನದ ಸೈನಿಕರು ನಳಿಗೆಯನ್ನು ಉಜ್ಜಿ ಬೆಳ್ಳಗೆ ಇಡುತ್ತಿದ್ದರು, ಈಗ ಕಾಣುವ ಕಂದು ಬಹುಪಾಲು ವಯಸ್ಸಿನದು. ಹಾಗಾಗಿ ಹೊಸದಾಗಿದ್ದ ಕೋವಿ ಬೇಕೋ ಹಳೆಯದಾದ ಕೋವಿ ಬೇಕೋ ಎಂದು ಬಣ್ಣಕ್ಕೆ ಮೊದಲೇ ತೀರ್ಮಾನಿಸಿ.

ಹಿಡಿಗೆ ಅಗಸೆ ಎಣ್ಣೆ ಹಚ್ಚುವುದಾದರೆ ತೆಳ್ಳಗೆ, ಹಲವು ಸಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಶಾಲೆಗಳಲ್ಲಿ ಪ್ರದರ್ಶನ ಇಡುವವರು:
ಹೊರಗೆ ಒಯ್ಯುವಾಗ ಮುಚ್ಚಿದ ಪೆಟ್ಟಿಗೆಯಲ್ಲೇ ಒಯ್ಯಿರಿ. ದೂರದಿಂದ ನೋಡುವ ಪೊಲೀಸರಿಗೆ ಅದು ಮರವೆಂದು ಗೊತ್ತಾಗುವುದಿಲ್ಲ. ವಿಮಾನದ ಕ್ಯಾಬಿನ್ನಿಗಂತೂ ಒಯ್ಯಲು ಹೋಗಬೇಡಿ.

ಕೇಳಿದವರು:
ತುಂಬ ಧನ್ಯವಾದ. ಪೈಪು ಕೈಬಿಟ್ಟೆ. ಇನ್ನೊಂದು ಮಾತು: ಪರಿಚಿತರ ಬಳಿ ಹಳೆಯ ಕೋವಿಯೊಂದರ ಅಸಲಿ ಕುದುರೆ, ಬಟ್ಟಲು ಇವೆ, ಕೊಡುತ್ತೇನೆ ಅನ್ನುತ್ತಾರೆ. ಸೇರಿಸಲೇ?

ಸಂಗ್ರಹಕಾರರು:
ಬೇಡ. ಭಾರತದ ಕಾಯ್ದೆ ಬಂದೂಕಿನ ಬಿಡಿಭಾಗಗಳನ್ನೂ ಬಂದೂಕಿನ ವ್ಯಾಖ್ಯೆಯೊಳಗೇ ಸೇರಿಸಿದೆ, ಬೇರೆ ದೇಶಗಳಲ್ಲೂ ಕೆಲವು ಭಾಗಗಳ ಮೇಲೆ ನಿಯಂತ್ರಣವಿದೆ. ಫೋಟೊ ಸಾಲದಿದ್ದರೆ ಅವರೆದುರಿಗೇ ಅಳತೆ ತೆಗೆದುಕೊಂಡು ಬನ್ನಿ, ವಸ್ತು ಅವರಲ್ಲೇ ಇರಲಿ.