ಸಮಾಲೋಚನಾ ಸಭೆಯಲ್ಲಿ 'ಶಿಸ್ತು' ಬಗ್ಗೆ ಎರಡು ಗಂಟೆ: ಏನು ಮಾಡಿಸಲಿ?

ಸೀಮೆಸುಣ್ಣ:

ನಮಸ್ಕಾರ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ, ಹದಿನಾಲ್ಕು ವರ್ಷ ಆಯ್ತು. ಮುಂದಿನ ತಿಂಗಳ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಮಕ್ಕಳ ಶಿಸ್ತಿನ ಬಗ್ಗೆ ಎರಡು ಗಂಟೆ ನಡೆಸಿಕೊಡಿ ಎಂದು ಸಿಆರ್‌ಪಿ (ಕ್ಲಸ್ಟರ್ ಶಾಲೆಗಳ ಸಂಪನ್ಮೂಲ ವ್ಯಕ್ತಿ) ನನ್ನ ತಲೆಗೆ ಕಟ್ಟಿದ್ದಾರೆ. 9 ಶಾಲೆ, 26 ಜನ ಶಿಕ್ಷಕರು.

ಹೋದ ವರ್ಷವೂ ಇಂಥದ್ದೊಂದು ಆಗಿತ್ತು. ಬಂದವರು ಸ್ಲೈಡ್ ತೋರಿಸಿದರು. ಶಿಕ್ಷಣ ಹಕ್ಕು ಕಾಯ್ದೆ 2009, 17ನೇ ಸೆಕ್ಷನ್, ಹೊಡೆಯುವಂತಿಲ್ಲ, ಮಾನಸಿಕ ಹಿಂಸೆ ಕೊಡುವಂತಿಲ್ಲ, ಕೊಟ್ಟರೆ ಸೇವಾ ನಿಯಮದ ಪ್ರಕಾರ ಶಿಸ್ತುಕ್ರಮ. ನಾವು ಸಹಿ ಹಾಕಿದೆವು, ಬೋಂಡಾ ತಿಂದೆವು, ಬಂದೆವು. ಟೀ ಹೊತ್ತಲ್ಲಿ ಒಬ್ಬರು, "ಹೊಡೀಬೇಡಿ ಅಂದ್ರು, ಸರಿ. ಬದಲಿಗೆ ಏನು ಮಾಡ್ಬೇಕು ಅಂತ ಹೇಳಲೇ ಇಲ್ವಲ್ಲ" ಅಂದರು. ನನಗೂ ಹಾಗೇ ಅನ್ನಿಸಿತ್ತು.

ನಿಜ ಹೇಳಬೇಕೆಂದರೆ, ಬೆತ್ತ ಹೋಗಿದೆ ಅಷ್ಟೇ. ಬಸ್ಕಿ ಇದೆ. ತೊಡೆ ಚಿವುಟೋದು ಇದೆ. ಬಾಗಿಲ ಹೊರಗೆ ನಿಲ್ಲಿಸೋದು ಇದೆ. "ಟಿಸಿ ಕೊಟ್ಟು ಕಳಿಸ್ತೀನಿ" ಅನ್ನೋದಂತೂ ದಿನಾ ಇದೆ. ಎಂಟನೇ ಕ್ಲಾಸು ಮುಗಿಯೋವರೆಗೆ ಹಾಗೆ ಹೊರಗೆ ಹಾಕೋಕೆ ಬರಲ್ಲ ಅಂತ ನಮಗೂ ಗೊತ್ತು, ಮಕ್ಕಳಿಗೂ ಗೊತ್ತು. ಇನ್ನು ನಾನು? ಮೊದಲ ಐದಾರು ವರ್ಷ ಹೊಡೆದವಳೇ. ಅಂಗೈ ಮೇಲೆ ಸ್ಕೇಲಿನ ಅಂಚು. ಅಂಥವಳು ಯಾವ ಮುಖ ಇಟ್ಟುಕೊಂಡು ಬೇರೆಯವರಿಗೆ ಹೇಳಲಿ? ಮಾಡಿ ನೋಡಿದವರು ಯಾರಾದರೂ ಇದ್ದರೆ ತಿಳಿಸಿ.

ಹಳೇಮೇಷ್ಟ್ರು:

ನಿವೃತ್ತನಾಗಿ ಆರು ವರ್ಷ ಆಯ್ತು, ಆದರೂ ಬಾಯಿ ಸುಮ್ಮನಿರಲ್ಲ. ಒಬ್ಬ ಟೀಚರಿಗೆ ಎರಡು ಕ್ಲಾಸು ಕೊಡ್ತೀರಿ. ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಕಂಪ್ಯೂಟರಿನಲ್ಲಿ ಮಕ್ಕಳ ವಿವರದ ಎಸ್‌ಎಟಿಎಸ್ ಎಂಟ್ರಿ, ಜೊತೆಗೆ ಗಣತಿ, ಚುನಾವಣೆ. ಅವರು ಗದರದೆ ಇನ್ನೇನು ಮಾಡ್ತಾರೆ? ಮೊದಲು ತರಬೇತಿ ಆಗಬೇಕಾಗಿರೋದು ಮೇಲಿನವರಿಗೆ. ಒಂದು ಮಾತ್ರ ಹೇಳ್ತೀನಿ. ನಾನು ಹೆಡ್‌ಮಾಸ್ಟರ್ ಆಗಿದ್ದಾಗ ಊಟದ ಬೆಲ್ಲನ್ನು ಎರಡಾಗಿ ಮಾಡಿದೆ. ಚಿಕ್ಕವರಿಗೆ ಹತ್ತು ನಿಮಿಷ ಮೊದಲು. ತಟ್ಟೆ ತೊಳೆಯೋ ನಲ್ಲಿ ಹತ್ತಿರದ ಜಗಳ ಅರ್ಧಕ್ಕರ್ಧ ನಿಂತಿತು. ಒಬ್ಬರಿಗೂ ಬುದ್ಧಿ ಹೇಳಲಿಲ್ಲ.

ಚಂದ್ರಿಕೆ:

ಮೇಷ್ಟ್ರು ಹೇಳಿದ ಬೆಲ್ಲಿನ ವಿಷಯ ಸಭೆಯಲ್ಲಿ ಖಂಡಿತ ಹೇಳಿ.

ಕಾನೂನಿಗೆ ಹತ್ತು ನಿಮಿಷ ಸಾಕು. ಉಳಿದ ಹೊತ್ತು ನೋಟ್‌ಬುಕ್‌ಗೆ ಕೊಡಿ. ಯಾವ ನೋಟ್‌ಬುಕ್ ಅಂತೀರಾ, ಹೇಳ್ತೀನಿ.

ನಾನು ಶಿಡ್ಲಘಟ್ಟ ಕಡೆ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ಮೂರು ವರ್ಷದ ಹಿಂದೆ ನಮ್ಮ ಎಚ್‌ಎಂ ಒಂದು ಕೆಲಸ ಕೊಟ್ಟರು. ಹದಿನೈದು ದಿನ, ಯಾರನ್ನು ಗದರಿದಿರಿ, ಯಾವುದಕ್ಕೆ, ಯಾವ ಪೀರಿಯಡ್, ಬಾಯಿಂದ ಬಂದ ಮಾತು ಏನು, ಬರೆದಿಡಿ. ಯಾರಿಗೂ ತೋರಿಸಬೇಡಿ ಅಂದರು. ತೋರಿಸಬೇಡಿ ಅಂದದ್ದಕ್ಕೇ ನಾವೆಲ್ಲ ನಿಜ ಬರೆದದ್ದು.

ನನ್ನ ಪುಸ್ತಕದಲ್ಲಿ 41 ಸಲ ಇತ್ತು. ಅದರಲ್ಲಿ 29 ಸಲ ನಾಲ್ಕೇ ಹುಡುಗರು, ಅದೂ ಹೆಚ್ಚಾಗಿ ಮೊದಲ ಪೀರಿಯಡ್. ತಡವಾಗಿ ಬಂದದ್ದು, ತೂಕಡಿಸಿದ್ದು, ಹೋಮ್‌ವರ್ಕ್ ಇಲ್ಲದ್ದು. ನಾಲ್ವರಲ್ಲಿ ಮೂವರು ರೇಷ್ಮೆ ಸಾಕುವ ಮನೆಯವರು. ಕೊನೇ ಜ್ವರ ಎದ್ದ ಮೇಲೆ, ಅಂದರೆ ಕೊನೇ ಸಲ ಪೊರೆ ಬಿಟ್ಟ ಮೇಲೆ, ಹುಳ ಸೊಪ್ಪು ತಿನ್ನೋದು ನೋಡಿದವರಿಗೇ ಗೊತ್ತು, ರಾತ್ರಿ ಸರಸರ ಅಂತ ಮಳೆ ಬಂದ ಹಾಗೆ ಸದ್ದು. ಹೊತ್ತು ಹೊತ್ತಿಗೆ ಸೊಪ್ಪು ಹಾಕುತ್ತಲೇ ಇರಬೇಕು. ಹಣ್ಣಾದವು, ಅಂದರೆ ಗೂಡು ಕಟ್ಟೋಕೆ ತಯಾರಾದವು ಅಂದರೆ, ಮನೆಮಂದಿಯೆಲ್ಲ ಕೂತು ಆರಿಸಿ ಗೂಡು ಕಟ್ಟುವ ತಟ್ಟಿಗೆ, ಚಂದ್ರಿಕೆಗೆ, ಬಿಡಬೇಕು. ನಾಳೆಗೆ ಇಡೋಣ ಅನ್ನೋ ಹಾಗಿಲ್ಲ. ನನಗೆ ಇದು ಗೊತ್ತಿರಲಿಲ್ಲ ಅಂತಲ್ಲ. ನಮ್ಮಜ್ಜಿ ಮನೆಯಲ್ಲೂ ಹುಳ ಸಾಕುತ್ತಿದ್ದರು. ಶಾಲೆ ಗೇಟು ದಾಟಿದ ಮೇಲೆ ಮರೆತುಹೋಗುತ್ತಿತ್ತು.

ಅದಕ್ಕಿಂತ ನಾಚಿಕೆ ಆದದ್ದು ಕೊನೇ ಕಾಲಂ ಓದುವಾಗ. ಹೋಮ್‌ವರ್ಕ್ ತಾರದ ಡಾಕ್ಟರ ಮಗನಿಗೆ, "ಯಾಕಪ್ಪಾ, ಮರೆತುಬಿಟ್ಯಾ?" ಅದೇ ದಿನ, ಅದೇ ತಪ್ಪಿಗೆ, ಕೂಲಿಯವರ ಮಗನಿಗೆ, "ಏನೋ, ಕತ್ತೆ ಕಾಯೋಕೆ ಹೋಗಿದ್ಯಾ?" ಎರಡೂ ನನ್ನದೇ ಅಕ್ಷರದಲ್ಲಿ, ಒಂದರ ಕೆಳಗೊಂದು. ನಾನು ಭೇದ ಮಾಡುವವನಲ್ಲ ಅಂತ ಯಾರ ಮುಂದೆ ಬೇಕಾದರೂ ಆಣೆ ಇಡುತ್ತಿದ್ದೆ. 'ಅಪ್ಪ'ನಿಗೂ 'ಲೋ'ಗೂ ನಡುವೆ ಎಷ್ಟು ದೂರ ಇದೆ ಅಂತ ಮಕ್ಕಳಿಗೆ ಮೊದಲೇ ಗೊತ್ತಿರುತ್ತೆ. ನಮಗೆ ಬರೆದು ನೋಡಿದ ಮೇಲೆ ಗೊತ್ತಾಗುತ್ತೆ.

ನಿಮ್ಮ ಸಭೆ ಮುಂದಿನ ತಿಂಗಳು ಅಲ್ವಾ? ಈಗಲೇ ವಾಟ್ಸಾಪ್ ಗುಂಪಿನಲ್ಲಿ ಹೇಳಿ, ಹದಿನೈದು ದಿನ ಬರೆದುಕೊಂಡು ಬರಲಿ. ಸಭೆಯಲ್ಲಿ ಪುಸ್ತಕ ಕೇಳಬೇಡಿ. "ಯಾವ ಹೊತ್ತಲ್ಲಿ ಜಾಸ್ತಿ?" ಅಂತಷ್ಟೇ ಕೇಳಿ.

ಆಮೇಲೆ ನಾಟಕ ಮಾಡಿಸಿ. ಒಬ್ಬರು ಮೇಷ್ಟ್ರು, ಒಬ್ಬರು ತಡವಾಗಿ ಬಂದ ಹುಡುಗ. ಮೊದಲ ಸಲ "ಯಾಕೆ ಲೇಟು?" ಅಂತ ಕೇಳಲಿ. ಎರಡನೇ ಸಲ "ಏನಾಯ್ತು?" ಅಂತ. 'ಯಾಕೆ' ಅಂದರೆ ಹುಡುಗ ಸುಳ್ಳು ಹುಡುಕುತ್ತಾನೆ. 'ಏನಾಯ್ತು' ಅಂದರೆ ಕತೆ ಹೇಳುತ್ತಾನೆ. ಹುಡುಗನ ಪಾರ್ಟು ಆ ಗುಂಪಿನಲ್ಲಿ ಅತಿ ಗಟ್ಟಿ ದನಿಯ ಮೇಷ್ಟ್ರಿಗೇ ಕೊಡಿ. ನಮ್ಮಲ್ಲಿ ಒಬ್ಬರು, ಮೀಸೆ ಮೇಷ್ಟ್ರು, ಬಾಗಿಲಲ್ಲಿ ಚೀಲ ಹಿಡಿದು ನಿಂತವರು ನಿಜವಾಗಿಯೂ ತಲೆ ತಗ್ಗಿಸಿಬಿಟ್ಟರು.

ಹೊಡೆದಾಟ ಆದರೆ ಏನು ಮಾಡಬೇಕು ಅಂತ ಕೇಳೇ ಕೇಳ್ತಾರೆ. ಬಿಡಿಸಿ, ಇಬ್ಬರನ್ನೂ ಬೇರೆ ಬೇರೆ ಕೂರಿಸಿ, ಸಿಟ್ಟು ಇಳಿಯಲಿ. ಆಮೇಲೆ ಏನಾಯ್ತು, ಯಾರಿಗೆ ಏನು ನಷ್ಟ ಆಯ್ತು, ಅದನ್ನು ಹೇಗೆ ಸರಿಮಾಡ್ತೀಯ, ಇಷ್ಟೇ ಕೇಳೋದು. ನಮ್ಮಲ್ಲಿ ಒಬ್ಬ ಇನ್ನೊಬ್ಬನ ಅಂಗಿ ಗುಂಡಿ ಕಿತ್ತಿದ್ದ. ಸೂಜಿ ದಾರ ತಂದು ಊಟದ ಬಿಡುವಿನಲ್ಲಿ ಅವನೇ ಹೊಲಿದುಕೊಟ್ಟ. ಬಿಳಿ ಅಂಗಿಗೆ ಕೆಂಪು ದಾರ, ಇಡೀ ಶಾಲೆ ನಕ್ಕಿತು, ಅವರಿಬ್ಬರೂ ನಕ್ಕರು. ಪ್ರತಿ ಸಲ ಹೀಗೆ ಮುಗಿಯಲ್ಲ, ಅದೂ ಹೇಳಿಬಿಡಿ.

ಒಂದು ಎಚ್ಚರಿಕೆ. 'ಏನಾಯ್ತು' ಅಂತ ಕೇಳಿದಾಗ ಕೆಲವು ಸಲ ಭಾರಿ ವಿಷಯ ಹೊರಬರುತ್ತೆ. ಯಾರೋ ಮೈ ಮುಟ್ಟಿದ್ದು, ಮದುವೆ ಮಾಡೋಕೆ ಹೊರಟಿದ್ದು. ಅದು ಶಿಸ್ತಿನ ಮಾತೂ ಅಲ್ಲ, ಶಾಲೆ ಒಳಗೆ ರಾಜಿ ಮಾಡೋ ಮಾತೂ ಅಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯೋ ಪೋಕ್ಸೋ ಕಾಯ್ದೆ ಅಡಿ, ಮೈ ಮುಟ್ಟಿದಂಥದ್ದನ್ನು ತಿಳಿಸದೇ ಇರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098 ನಂಬರನ್ನು ಬೋರ್ಡಿನ ಮೇಲೆ ಬರೆದೇ ಸಭೆ ಶುರು ಮಾಡಿ.

ಎರಡು ಮಕ್ಕಳ ತಾಯಿ:

ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ)ಯಲ್ಲಿದ್ದೇನೆ, ಟೀಚರ್ ಅಲ್ಲ. ಅಡುಗೆಯವರನ್ನೂ ಆ ಸಭೆಗೆ ಕರೆಯಿರಿ. ನನ್ನ ಮಗಳನ್ನು ದಿನಾ ಅಳಿಸುತ್ತಿದ್ದದ್ದು ಟೀಚರ್ ಅಲ್ಲ, ಊಟದ ಸಾಲಿನಲ್ಲಿ ಸೌಟು ಹಿಡಿದು ಬೈಯುತ್ತಿದ್ದವರು. ಅವರಿಗೆ ಯಾರೂ ಯಾವತ್ತೂ ಏನೂ ಹೇಳಿಕೊಟ್ಟಿಲ್ಲ, ಸಂಬಳವೂ ಅಷ್ಟಕ್ಕಷ್ಟೇ. ಸುಮ್ನೆ ಕೂರಿಸಿ ಮಾತಾಡಿಸಿದರೆ ಸಾಕಿತ್ತು.

ಸೀಮೆಸುಣ್ಣ:

ಸಭೆ ಮುಗೀತು, ಹೇಗಾಯ್ತು ಅಂತ ಹೇಳ್ತೀನಿ. 26 ಜನರಲ್ಲಿ ನೋಟ್‌ಬುಕ್ ಬರೆದುಕೊಂಡು ಬಂದವರು 11. ಮೂವರು ಬಸ್ಸಿನಲ್ಲಿ ಕೂತು ಬರೆದದ್ದು, ಒಂದೇ ಶಾಯಿ, ನೋಡಿದರೆ ಗೊತ್ತಾಗುತ್ತಿತ್ತು. ಇರಲಿ. ಅಡುಗೆಯವರು ನಮ್ಮ ಶಾಲೆಯಿಂದ ಇಬ್ಬರು ಬಂದಿದ್ದರು. ಅವರಿಗೆ ಆ ದಿನದ ಕೂಲಿ ಬಗ್ಗೆ ಯಾರೂ ಯೋಚಿಸಿರಲಿಲ್ಲ, ನಾನೂ.

ಮೊದಲಿಗೆ ಸ್ಕೇಲಿನ ವಿಷಯ ನಾನೇ ಹೇಳಿದೆ. ಒಬ್ಬ ಹುಡುಗಿ ನೆನಪಿದ್ದಾಳೆ, ಹೊಡೆಸಿಕೊಳ್ಳುವ ಮೊದಲು ಅಂಗೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದಳು. ಅಷ್ಟು ಹೇಳಿ ನಿಲ್ಲಿಸಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನನಗಿಂತ ಹಿರಿಯರು ಒಬ್ಬರು ತಮ್ಮದೊಂದು ಹೇಳಿದರು. ಅದನ್ನು ಇಲ್ಲಿ ಬರೆಯಲ್ಲ.

ದೈಹಿಕ ಶಿಕ್ಷಕರು ಕೊನೆವರೆಗೂ ಒಪ್ಪಲಿಲ್ಲ. "ಪ್ರಾರ್ಥನೆಗೆ ಮಕ್ಕಳನ್ನ ಸಾಲಾಗಿ ನೀವು ನಿಲ್ಲಿಸಿ ನೋಡಿ ಮೇಡಂ" ಅಂದರು. ನಾಳೆ ನಾನು ನಿಲ್ಲಿಸುತ್ತೇನೆ. ತಡವಾಗಿ ಬಂದವರನ್ನು ಗೇಟಿನ ಹೊರಗೆ ನಿಲ್ಲಿಸೋದು ಮಾತ್ರ ನಾಲ್ಕು ಶಾಲೆಯವರು ಬಿಡುತ್ತೇವೆ ಅಂದಿದ್ದಾರೆ. ಒಳಗೆ ಬಂದು ಕೂರಲಿ, ಕೇಳೋದು ಬಿಡುವಿನಲ್ಲಿ.

ಹಳೇಮೇಷ್ಟ್ರು:

ಆ ನೋಟ್‌ಬುಕ್‌ಗೆ ಕಾಲಂ ಎಷ್ಟು? ಸೊಸೆ ಟೀಚರ್, ಕೇಳ್ತಿದ್ದಾಳೆ.

ಚಂದ್ರಿಕೆ:

ನಾಲ್ಕು ಸರ್. ಯಾರು, ಯಾವುದಕ್ಕೆ, ಯಾವ ಪೀರಿಯಡ್, ಆಡಿದ ಮಾತು. ಕೊನೇದಕ್ಕೆ ಜಾಗ ಜಾಸ್ತಿ ಬಿಡಲಿ.